ಹೌದು, ಕಚ್ಚುತ್ತದೆ

"ಹಾವು ಸಾಕಿದ್ದೀರಂತೆ, ಕಚ್ಚಲ್ವಾ?" ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ, ನನ್ನ ಕೈಬೆರಳು ಎಣಿಸುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಕಚ್ಚುತ್ತದೆ. ಬಾಯಿ ಇದೆಯಲ್ಲ! ಇರುವುದು ಬಾಲ್ ಪೈಥಾನ್ ಅನ್ನುವ ಸಣ್ಣ ಜಾತಿಯ ಹೆಬ್ಬಾವು ಒಂದು, ಕಾರ್ನ್ ಸ್ನೇಕ್ ಅನ್ನುವ ಅಮೆರಿಕದ ಹಾವು ಒಂದು. ಎರಡಕ್ಕೂ ವಿಷವಿಲ್ಲ.

ಮೈ ಉರಿಸುವುದು ಮುಂದಿನ ಮಾತು: "ಎಷ್ಟಾದ್ರೂ ಹಾವು, ಹಾಲೆರೆದ ಕೈಗೇ ಕಚ್ಚುತ್ತೆ." ಹಾಲು ಅದರ ಆಹಾರವೇ ಅಲ್ಲ, ಅದಿರಲಿ. ದ್ರೋಹ ಮಾಡೋಕೆ ಮೊದಲು ನಂಟಿರಬೇಕು. ಅದರ ಪಾಲಿಗೆ ನಾನು ಬೆಚ್ಚಗಿರುವ ಒಂದು ಮರ, ಅಷ್ಟೇ.

ಹೆದರಿ ಕಚ್ಚಿದರೆ ಸಾಮಾನ್ಯವಾಗಿ ತಕ್ಷಣ ಬಿಟ್ಟುಬಿಡುತ್ತದೆ. ಊಟ ಅಂದುಕೊಂಡು ಕಚ್ಚಿದರೆ ಹಿಡಿದು ಸುತ್ತಿಕೊಳ್ಳುತ್ತದೆ. ನನಗಾಗಿದ್ದು ಇದೇ. ಫ್ರೀಜರಿನ ಇಲಿಯನ್ನು ಬೆಚ್ಚಗೆ ಮಾಡಿಟ್ಟು, ಕೈ ತೊಳೆಯದೆ ನೀರಿನ ಬಟ್ಟಲು ತೆಗೆಯಲು ಹೋದೆ. ಬಾಲ್ ಪೈಥಾನಿನ ತುಟಿಯಂಚಿನ ಗುಳಿಗಳು ಮೈಬಿಸಿಯನ್ನು ಗುರುತಿಸುತ್ತವೆ. ಬೆಚ್ಚಗಿದೆ, ಇಲಿ ವಾಸನೆ ಬರುತ್ತಿದೆ. ಇನ್ನೇನು ಬೇಕು? ಅದರ ಲೆಕ್ಕ ಸರಿಯೇ ಇತ್ತು. ಹಲ್ಲು ಹಿಂದಕ್ಕೆ ಬಾಗಿರುವುದರಿಂದ ಎಳೆದರೆ ನನ್ನ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ಹಾಗಾಗಿ ತಣ್ಣೀರಿನ ನಲ್ಲಿ ಕೆಳಗೆ ಕೈ ಹಿಡಿದು, ಅದು ಬಿಡುವವರೆಗೆ ನಿಂತೆ. ಅಷ್ಟರಲ್ಲಿ ಬಂದ ಗೆಳೆಯ ಬಾಗಿಲಲ್ಲೇ ನಿಂತು ಕೇಳಿದ, "ಏನೋ, ಕಚ್ಚುತ್ತಾ?"

ಇನ್ನು "ಮುಂಚೆ ಸಾಧುವಾಗಿತ್ತು, ಈಗ ಗುಣ ಕೆಡ್ತಾ?" ಅನ್ನುವವರು. ನಮ್ಮ ಕಾರ್ನ್ ಸ್ನೇಕ್ ಮರಿಯಾಗಿದ್ದಾಗ ಪೆನ್ಸಿಲ್‌ಗಿಂತ ತೆಳ್ಳಗಿತ್ತು. ನೆರಳು ಬಿದ್ದರೂ ಬಾಲ ನಡುಗಿಸಿ ಮೇಲೆ ಬೀಳುತ್ತಿತ್ತು. ಆ ಗಾತ್ರಕ್ಕೆ ಎಲ್ಲವೂ ವೈರಿಯೇ. ಬೆಳೆಯುತ್ತಾ, ಕೈಗೆ ಒಗ್ಗುತ್ತಾ ಶಾಂತವಾಯಿತು. ಆದರೂ ಪೊರೆ ಬಿಡುವ ಮುಂಚೆ ಕಣ್ಣು ನೀಲಿಗಟ್ಟಿ ಮಂಜಾಗುತ್ತದೆ, ಸರಿಯಾಗಿ ಕಾಣುವುದಿಲ್ಲ. ಆಗ ಸಿಡುಕು. ಪೊರೆ ಬಿಟ್ಟರೆ ಮತ್ತೆ ಮೊದಲಿನಂತೆ. ಕಾರಣವಿಲ್ಲದೆ ತಿಂಗಳುಗಟ್ಟಲೆ ಸಿಡುಕಿದರೆ ಗುಣ ನೋಡಬೇಡಿ, ಬಾಯಿ ನೋಡಿ, ಮೈಮೇಲೆ ರಕ್ತ ಹೀರುವ ಉಣ್ಣೆಹುಳು ಇದೆಯಾ ನೋಡಿ, ಗೂಡಿನ ಶಾಖ ಅಳೆಯಿರಿ.

"ಹೆದರಿ ಕಚ್ಚುವ ಮುಂಚೆ ಅದು ಏನು ಮಾಡುತ್ತದೆ?" ಅಂತ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಗಂಟೆಗಟ್ಟಲೆ ಹೇಳುತ್ತಿದ್ದೆ. ಕತ್ತು ಹಿಂದಕ್ಕೆ ಮಡಚುತ್ತದೆ, ಬುಸ್ ಅನ್ನುತ್ತದೆ, ಮುದುಡಿ ಚೆಂಡಾಗುತ್ತದೆ. ಅದು ಇಷ್ಟು ಹೇಳಿದ ಮೇಲೂ ಕೈ ಹಾಕುವವರು ನಾವು ತಾನೇ?

ಕಾರ್ನ್ ಸ್ನೇಕ್ ಕಣ್ಣು ಇವತ್ತು ಮಂಜಾಗಿದೆ. ಈ ವಾರ ಬರಬೇಡಿ ಅಂತಲ್ಲ. ಬಂದರೆ ಗಾಜು ತಟ್ಟಬೇಡಿ.