ಮಳೆ ಬಿಡದ ತಡಿಯಂಡಮೋಳ್

ಮಳೆ, ಬೆಳೆಯ ದೇವರೆಂದು ಕೊಡವರು ನಂಬುವ ಇಗ್ಗುತ್ತಪ್ಪನ ನೆಲೆ ಕಕ್ಕಬ್ಬೆಯ ಪಾಡಿ. ಕೊಡಗಿನ ಅತಿ ಎತ್ತರದ ಬೆಟ್ಟ, 1748 ಮೀಟರಿನ ತಡಿಯಂಡಮೋಳ್ ಇರುವುದೂ ಇದೇ ಸೀಮೆಯಲ್ಲಿ. ನೆನೆಯದೆ ಹತ್ತಿಳಿಯುತ್ತೇನೆ ಅನ್ನುವುದು ಇಲ್ಲಿ ಆಗದ ಮಾತು. ಜೋರು ಮಳೆಯ ದಿನಗಳಲ್ಲಿ ಚಾರಣಕ್ಕೆ ತಡೆ ಬೀಳುವುದುಂಟು. ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಂಡೇ ಹೊರಡಬೇಕು. ಸೆಪ್ಟೆಂಬರ್ ಕೊನೆಯಿಂದ ಮಳೆ ಬಿಟ್ಟು ಬಿಟ್ಟು ಬರುತ್ತದೆ, ಹುಲ್ಲು ಹಸಿರಾಗೇ ಇರುತ್ತದೆ.

ವಿರಾಜಪೇಟೆಯಿಂದಲೋ ನಾಪೋಕ್ಲಿನಿಂದಲೋ ಕಕ್ಕಬ್ಬೆಗೆ ಬಂದು, ಹಿಂದಿನ ರಾತ್ರಿ ಹೋಂಸ್ಟೇಯಲ್ಲೇ ಬ್ಯಾಗ್ ಕಟ್ಟಿಡಿ. ಹೊರಗೆ ಹೊದಿಸುವ ಕವರನ್ನೇ ನಂಬಬಾರದು. ನೀರು ಬೆನ್ನಿನ ಕಡೆಯಿಂದ, ಪಟ್ಟಿಗಳ ಹೊಲಿಗೆಯಿಂದ ಒಳಗಿಳಿಯುತ್ತದೆ. ಬ್ಯಾಗಿನೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ, ಒಣ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಿಸಿ ಕಟ್ಟಬೇಕು. ಫೋನು, ಟಾರ್ಚಿಗೆ ಇನ್ನೊಂದು ಪುಟ್ಟ ಚೀಲ. ಹತ್ತಿಬಟ್ಟೆ, ಜೀನ್ಸ್ ಬೇಡವೇ ಬೇಡ: ನೆನೆದರೆ ಭಾರ, ಗಾಳಿ ಬೀಸಿದರೆ ಮೈ ಕೊರೆಯುತ್ತದೆ.

1792ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ದಾಟಿದರೆ ಆರಂಭದ ಹಾದಿ ಅಗಲವಾಗಿದೆ, ಏರು ಅಷ್ಟಿಲ್ಲ. ರೇನ್‌ಕೋಟ್ ಬಿಗಿಯಾಗಿ ಮುಚ್ಚಿಕೊಂಡು ನಡೆದರೆ ಒಳಗಿನ ಬೆವರೇ ಬಟ್ಟೆ ತೋಯಿಸುತ್ತದೆ. ಏರುವಾಗ ಮುಂದಿನ ಜಿಪ್ ಸ್ವಲ್ಪ ತೆರೆದಿರಲಿ. ಕಾಫಿ ತೋಟದವರ ಪ್ಲಾಸ್ಟಿಕ್ ಕೊಪ್ಪೆಗೆ ಈ ತೊಂದರೆ ಕಡಿಮೆ, ಆದರೆ ತುದಿಯ ಗಾಳಿಗೆ ಅದು ನಿಲ್ಲದು.

ತೊರೆಗಳ ಬಗ್ಗೆ ಉದಾಸೀನ ಸಲ್ಲದು. ಮೇಲೆ ಮಳೆ ಸುರಿದರೆ, ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ತಿಳಿನೀರು ಕೆಂಪಾಗಿ, ಎಲೆ ಕಡ್ಡಿ ತೇಲಿಬರತೊಡಗಿದರೆ ದಾಟುವುದು ಬೇಡ. ರಭಸದ ನೀರು ಮಂಡಿ ಮುಟ್ಟಿದರೂ ಅಷ್ಟೇ. ಇಳಿಯುವ ತನಕ ಕಾಯಬೇಕು. ದಾಟುವಂತಿದ್ದರೆ ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ, ನೀರು ಬರುವ ದಿಕ್ಕಿಗೆ ಮುಖಮಾಡಿ, ಕೋಲೂರಿ ಅಡ್ಡಡ್ಡ ಹೆಜ್ಜೆಯಿಡಿ. ಬಿದ್ದರೆ ಬ್ಯಾಗ್ ಕಳಚಿಕೊಳ್ಳಬೇಕು, ನಿಮ್ಮನ್ನು ಎಳೆದೊಯ್ಯಬಾರದು.

ದೊಡ್ಡ ಬಂಡೆಯ ನಂತರ ಶೋಲಾ ಕಾಡಿನ, ಅಂದರೆ ಬೆಟ್ಟದ ಮಡಿಲಲ್ಲಿ ಬೆಳೆಯುವ ದಟ್ಟ ಹಸಿರು ಕಾಡಿನ, ಕಡಿದಾದ ಏರು. ಇಂಬಳಗಳ ಕಾರುಬಾರು ಇಲ್ಲಿ ಜೋರು. ಕಾಲುಚೀಲದ ಮೇಲೆ ಬಿಗಿ ನೇಯ್ಗೆಯ ಉದ್ದ ಇಂಬಳದ ಚೀಲ ಹಾಕಿ, ಅಂಚಿಗೆ ನಶ್ಯ ಅಥವಾ ಉಪ್ಪು ಸವರಬಹುದು. ಮಳೆ ತೊಳೆದಂತೆ ಮತ್ತೆ ಸವರಬೇಕು. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಒತ್ತಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ.

ಕಾಡು ಮುಗಿದು ಹುಲ್ಲುಗಾವಲಿಗೆ ಬಂದರೆ ಮಂಜು. ಹತ್ತು ಹೆಜ್ಜೆ ಮುಂದಿನ ದಾರಿ ಕಾಣದಿದ್ದರೆ, ಅಥವಾ ಮಧ್ಯಾಹ್ನ ಹನ್ನೆರಡಾದರೆ, ತುದಿ ಎಷ್ಟೇ ಹತ್ತಿರವಿದ್ದರೂ ಹಿಂತಿರುಗಬೇಕು. ಯಾರಿಗಾದರೂ ನಡುಕ ಹತ್ತಿ ಮಾತು ತೊದಲಿದರೆ ಗಾಳಿಯಿಂದ ಮರೆಗೆ ಕರೆತಂದು, ಒದ್ದೆ ಅಂಗಿ ತೆಗೆಸಿ, ಒಣ ಬಟ್ಟೆ ಹಾಕಿಸಿ, ಬೆಲ್ಲವೋ ಕಡಲೆಮಿಠಾಯಿಯೋ ತಿನ್ನಿಸಿ.

ಜಾರುವುದು ಹೆಚ್ಚಾಗಿ ಇಳಿಯುವಾಗ. ಒದ್ದೆ ಬೇರಿನ ಮೇಲೆ ಕಾಲಿಡದೆ, ಮಂಡಿ ಸ್ವಲ್ಪ ಬಾಗಿಸಿ, ಗಿಡ್ಡ ಹೆಜ್ಜೆ ಹಾಕಿ. ಮನೆ ಸೇರಿದ ಮೇಲೆ ಶೂಗೆ ಹಳೇ ಪೇಪರ್ ತುರುಕಿ, ಗಂಟೆಗೊಮ್ಮೆ ಬದಲಿಸಿ. ಒಲೆಯ ಮುಂದಿಟ್ಟರೆ ಬೇಗ ಒಣಗುತ್ತದೆ ನಿಜ, ಅಟ್ಟೆಯ ಅಂಟೂ ಅಷ್ಟೇ ಬೇಗ ಬಿಡುತ್ತದೆ.