ಕಾಪರ್ ಗಟ್ಟಿ ಆಗೋದು ನೀರಲ್ಲಲ್ಲ

ಪೀಣ್ಯದ ಒಂದು ಹೀಟ್ ಟ್ರೀಟ್ಮೆಂಟ್ ಶಾಪ್‌ಗೆ ಸೇರಿದಾಗ ನಂಗೆ ಗೊತ್ತಿದ್ದಿದ್ದು ಬರೀ ಸ್ಟೀಲು. ಕೆಂಪಗೆ ಕಾಯ್ಸು, ಎಣ್ಣೆಗೋ ನೀರಿಗೋ ಮುಳುಗ್ಸು, ಗಟ್ಟಿ ಆಯ್ತು, ಅಷ್ಟೇ ಲೆಕ್ಕ. ಆಮೇಲೆ ಸ್ಪಾಟ್ ವೆಲ್ಡಿಂಗ್ ಟಿಪ್‌ಗಳು (ತಗಡುಗಳನ್ನ ಒತ್ತಿ ಹಿಡಿದು ಕರೆಂಟ್ ಹಾಯ್ಸಿ ಬೆಸೆಯೋ ತುದಿಗಳು) ಬಂದ್ವು, ಕ್ರೋಮಿಯಂ ಜಿರ್ಕೋನಿಯಂ ಕಾಪರ್, ಅಂದ್ರೆ ಕ್ರೋಮಿಯಂ 1% ಆಸುಪಾಸು, ಜಿರ್ಕೋನಿಯಂ 0.1%ನಷ್ಟು, ಮಿಕ್ಕಿದ್ದೆಲ್ಲ ತಾಮ್ರ. 1000 ಡಿಗ್ರಿ ಹತ್ರ ಕಾಯ್ಸಿ ನೀರಿಗೆ ಹಾಕಿ ಹಾರ್ಡ್‌ನೆಸ್ ನೋಡಿದ್ರೆ ಬೆಣ್ಣೆ ಕಣ್ರೀ! ಲಾಟ್ ಕೆಟ್ಟೋಯ್ತು ಅಂತ ಸೂಪರ್ವೈಸರ್ ಹತ್ರ ಓಡ್ದೆ. ಅವ್ರು ನಕ್ಬಿಟ್ಟು "ಇದು ನೀರಲ್ಲಿ ಮೆತ್ತಗೇ ಇರ್ಬೇಕಪ್ಪ, ಗಟ್ಟಿ ಆಗೋದು ಏಜಿಂಗ್‌ನಲ್ಲಿ" ಅಂದ್ರು. ಏಜಿಂಗ್ ಅಂದ್ರೆ ಕಮ್ಮಿ ಬಿಸಿಯಲ್ಲಿ ಮತ್ತೆ ಒಂದಷ್ಟು ಹೊತ್ತು ಇಡೋದು. 470 ಡಿಗ್ರಿಲಿ ಮೂರು ಗಂಟೆ ಇಟ್ಟು ತೆಗೆದ್ರೆ ನಿಜವಾಗ್ಲೂ ಗಟ್ಟಿ.

ನಾನು ಪಾಠ ಕಲ್ತಿದ್ದು ಇದಾದ್ಮೇಲೆ. ಶಾಪಲ್ಲಿ ಜಾಗ ಸಾಲ್ದು ಅಂತ ನೀರಿನ ಟ್ಯಾಂಕನ್ನ ಹಿಂದಿನ ಗೋಡೆಗೆ ಸರ್ಸಿದ್ವಿ, ಒಂದು ತಿಂಗಳಲ್ಲೇ ಕಸ್ಟಮರ್ ಫೋನು, ಟಿಪ್‌ಗಳು ಅಣಬೆ ತರ ಅರಳ್ಕೋತಿವೆ ಅಂತ. ಡ್ರಾಯಿಂಗ್‌ನಲ್ಲಿ ಹಾರ್ಡ್‌ನೆಸ್ ರಾಕ್‌ವೆಲ್ ಬಿ ಅಳತೆಲಿ 70 ಕೇಳಿದ್ರು, ಬಂದಿದ್ದು 52. ಫರ್ನೇಸ್ ಚಾರ್ಟ್ ನೋಡಿದ್ರೆ ಎಲ್ಲಾ ಕರೆಕ್ಟು, ಏಜಿಂಗೂ ಕರೆಕ್ಟು, ಎರಡು ದಿನ ತಲೆ ಕೆಟ್ಟೋಯ್ತು.

ಕೊನೆಗೆ ಸಿಕ್ಕಿದ್ದು ಕಂಡಕ್ಟಿವಿಟಿ ಮೀಟರ್‌ನಲ್ಲಿ, ಅಂದ್ರೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಅಳೆಯೋದ್ರಲ್ಲಿ. ಬಿಸಿಯಲ್ಲಿ ಕರಗಿದ ಕ್ರೋಮಿಯಂ ತಾಮ್ರದೊಳಗೇ ಸಿಕ್ಕಾಕೊಂಡಿದ್ರೆ ಕರೆಂಟ್‌ಗೆ ಅಡ್ಡ ಬರುತ್ತೆ, ಅದಕ್ಕೇ ಕ್ವೆಂಚ್ (ನೀರಿಗೆ ಮುಳುಗ್ಸೋದು) ಆದ ತಕ್ಷಣ ಮೀಟರ್ ಶುದ್ಧ ತಾಮ್ರದ 40% ಚಿಲ್ರೆ ತೋರಿಸ್ಬೇಕು, ಏಜಿಂಗ್ ಆದ್ಮೇಲೆ ಅದು ಸಣ್ಣ ಸಣ್ಣ ಕಣವಾಗಿ ಹೊರಗೆ ಬಂದು 75-80ಕ್ಕೆ ಏರುತ್ತೆ, ತಾಮ್ರ ಗಟ್ಟಿ ಆಗೋದೂ ಆ ಸಣ್ಣ ಕಣಗಳಿಂದ್ಲೇ. ನಮ್ಮ ಪೀಸ್ ಏಜಿಂಗ್‌ಗೆ ಮೊದ್ಲೇ 60 ದಾಟಿತ್ತು! ಅಂದ್ರೆ ಬಾಸ್ಕೆಟ್ ಹಾಯ್ಸ್ಟ್‌ನಲ್ಲಿ ನೇತಾಡ್ಕೊಂಡು ಟ್ಯಾಂಕ್ ತಂಕ ಹೋಗೋಷ್ಟ್ರಲ್ಲಿ ಗಾಳಿಲೇ ತಣ್ಣಗಾಗಿ ಕ್ರೋಮಿಯಂ ಗಂಟು ಕಟ್ಬಿಟ್ಟಿದೆ. ಉಪ್ಪಿಟ್ಟಿಗೆ ರವೆ ನಿಧಾನಕ್ಕೆ ಉದುರಿಸದೆ ಒಮ್ಮೆಗೇ ಸುರಿದ್ರೆ ಹೆಂಗೋ ಹಂಗೆ, ಆ ಗಂಟುಗಳಿಂದ ತಾಮ್ರಕ್ಕೆ ಶಕ್ತಿ ಬರಲ್ಲ (ಹೋಲಿಕೆ ಅಷ್ಟು ಸರಿಯಿಲ್ಲ, ಇಲ್ಲಿ ನಿಧಾನವೇ ತಪ್ಪು). ಏಜಿಂಗ್ ಜಾಸ್ತಿ ಹೊತ್ತು ಇಟ್ರೂ ಇದೇ ಕಥೆ, ಕಂಡಕ್ಟಿವಿಟಿ ಚೆನ್ನಾಗಿರುತ್ತೆ, ಹಾರ್ಡ್‌ನೆಸ್ ಇಳಿದಿರುತ್ತೆ.

ಪುಣ್ಯಕ್ಕೆ ಮತ್ತೆ 1000ಕ್ಕೆ ಕಾಯ್ಸಿದ್ರೆ ಎಲ್ಲಾ ಕರಗುತ್ತೆ, ಹಂಗಾಗಿ ಲಾಟ್ ಉಳೀತು, ಕರೆಂಟ್ ಬಿಲ್ ಮಾತ್ರ ನಮ್ಮ ತಲೆ ಮೇಲೆ. ಟ್ಯಾಂಕ್ ವಾಪಸ್ ಫರ್ನೇಸ್ ಬಾಗಿಲ ಮುಂದೆ ಬಂತು. ಈಗ ಪ್ರತಿ ಬಾಸ್ಕೆಟ್‌ನಿಂದ ಎರಡು ಪೀಸ್ ಮೀಟರ್‌ನಲ್ಲಿ ನೋಡಿದ್ಮೇಲೇ ಏಜಿಂಗ್‌ಗೆ ಹಾಕೋದು, ಮೊನ್ನೆ ಹೊಸ ಹುಡುಗ ಒಬ್ಬ ಕ್ವೆಂಚ್ ಆದ ಪೀಸ್ ಹಿಡ್ಕೊಂಡು ಓಡಿ ಬಂದ, "ಅಣ್ಣ, ಲಾಟ್ ಕೆಟ್ಟೋಯ್ತು" ಅಂತ.