ಗ್ಲುಕೋಮೀಟರ್ ಇತ್ತು, ಸ್ಟ್ರಿಪ್ ಇರಲಿಲ್ಲ

ಮಲಾವಿಯ ದಕ್ಷಿಣದಲ್ಲಿ, ಶೀರೆ ನದಿಯ ಬಯಲಿನ ಚಿಕ್ವಾವಾ ಜಿಲ್ಲೆಯ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಸ್ವಯಂಸೇವಕ ನರ್ಸ್ ಆಗಿ ದುಡಿದ ದಿನಗಳನ್ನು ನೆನೆದಾಗ, ದಾನಿಗಳು ಕಳುಹಿಸಿದ, ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್‌ಗಳು ತುಂಬಿದ್ದ ಕಪಾಟು ಇಂದಿಗೂ ನನ್ನಲ್ಲಿ ಸಿಟ್ಟು ತರಿಸುತ್ತದೆ. ಯಂತ್ರಗಳು ಬೇರೆ ಬೇರೆ ಕಂಪನಿಗಳವು, ರಕ್ತದ ಹನಿ ಹಾಕುವ ಸ್ಟ್ರಿಪ್ ಒಂದರದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಉಳಿದಿದ್ದ ಸ್ಟ್ರಿಪ್‌ಗಳ ಅವಧಿಯೂ ಮುಗಿದಿತ್ತು.

ಅಲ್ಲಿ ಮಳೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮಲೇರಿಯಾ ಹೆಚ್ಚುವ ಅದೇ ತಿಂಗಳುಗಳಲ್ಲಿ, ಹೊಸ ಬೆಳೆ ಕೈಸೇರುವ ಮೊದಲು, ಬಡವರ ಮನೆಯ ಮೆಕ್ಕೆಜೋಳವೂ ಮುಗಿದಿರುತ್ತದೆ. ಹಸಿದ ಮಗುವಿಗೆ ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾ ತೀವ್ರವಾಗಿ ಬಂದರೆ ರಕ್ತದಲ್ಲಿನ ಸಕ್ಕರೆ ಬೇಗನೆ ಕುಸಿಯಬಹುದು.

ಅಂತಹ ಒಂದು ಮಧ್ಯಾಹ್ನ ತಾಯಿಯೊಬ್ಬರು ಫಿಟ್ಸ್ ಬರುತ್ತಿದ್ದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದರು. ತೂಕ 12 ಕಿಲೋ, ಮಲೇರಿಯಾದ ತ್ವರಿತ ಪರೀಕ್ಷೆ (ಆರ್‌ಡಿಟಿ) ಪಾಸಿಟಿವ್. ಫಿಟ್ಸ್ ತಡೆಯುವ ಡಯಾಜೆಪಾಮ್ ಕೊಟ್ಟ ಮೇಲೆ ಫಿಟ್ಸ್ ನಿಂತಿತು. 20 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಕಿಲೋಗೆ 3 ಮಿಲಿಗ್ರಾಂ ಎಂಬ ಲೆಕ್ಕದಂತೆ ಮಲೇರಿಯಾದ ಔಷಧ ಆರ್ಟಿಸುನೇಟ್ 36 ಮಿಲಿಗ್ರಾಂ ಇಂಜೆಕ್ಷನ್ ತೊಡೆಗೆ ಹೋಯಿತು. ಆದರೆ ಮಗುವಿಗೆ ಪ್ರಜ್ಞೆ ಬರಲಿಲ್ಲ. ಜಿಆರ್‌ಬಿಎಸ್, ಅಂದರೆ ಆ ಹೊತ್ತಿನ ರಕ್ತದ ಸಕ್ಕರೆ, ನೋಡದೆ ನಮ್ಮ ದೇಶದ ವಾರ್ಡುಗಳಲ್ಲಿ ಯಾರೂ ಮುಂದುವರಿಯುವುದಿಲ್ಲ, ಇಲ್ಲಿಯಾದರೋ ನೋಡುವ ದಾರಿಯೇ ಇಲ್ಲ.

"ಸಂಖ್ಯೆಗೆ ಕಾಯಬೇಡಿ ಸಿಸ್ಟರ್, ಸಕ್ಕರೆ ಇಳಿದಿದೆ ಎಂದೇ ತಿಳಿಯಿರಿ" ಎಂದರು ಅಲ್ಲಿನ ಹಿರಿಯ ಸಿಸ್ಟರ್. ಪರೀಕ್ಷೆ ಸಾಧ್ಯವಾಗದಿದ್ದಾಗ ಪ್ರಜ್ಞೆಯಿಲ್ಲದ ಮಗುವಿಗೆ ಗ್ಲುಕೋಸ್ ಕೊಟ್ಟೇಬಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯೂ ಹೌದು. ಆದರೆ ಗ್ಲುಕೋಸ್ ಹರಿಸಲು ರಕ್ತನಾಳಕ್ಕೆ ಸೂಜಿ ಹಾಕೋಣವೆಂದರೆ ಕೈಯಲ್ಲೂ ಪಾದದಲ್ಲೂ ಲೈನ್ ಸಿಗಲೊಲ್ಲದು. ನಾನು ತಲೆಯ ರಕ್ತನಾಳವನ್ನು ಹುಡುಕುತ್ತಿರುವಾಗಲೇ ಅವರು ಮಗುವನ್ನು ಪಕ್ಕಕ್ಕೆ ಹೊರಳಿಸಿ, ಒಂದು ಚಮಚ ಸಕ್ಕರೆಯನ್ನು ನೀರಿನಲ್ಲಿ ನೆನೆಸಿ ನಾಲಿಗೆಯ ಕೆಳಗೆ ಇಟ್ಟರು. ಅದು ಕರಗಿದಂತೆ ಮತ್ತೆ ಇಟ್ಟರು. ಆ ನಿಮಿಷಗಳಲ್ಲಿ ಉಸಿರಾಟವನ್ನು ಎಣಿಸುತ್ತಾ ನಿಂತಿದ್ದ ನನ್ನ ಪಾಲಿಗೆ ಕೊಠಡಿಯಲ್ಲಿ ಬೇರೇನೂ ಇರಲಿಲ್ಲ. ಕೊನೆಗೆ ಲೈನ್ ಸಿಕ್ಕಿತು. ಅಲ್ಲಿದ್ದದ್ದು ಶೇ. 50ರ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ), ಅದರ 12 ಮಿಲಿಗೆ 48 ಮಿಲಿ ಇಂಜೆಕ್ಷನ್ ನೀರು ಸೇರಿಸಿ, ಶೇ. 10ಕ್ಕೆ ಇಳಿಸಿ, ಕಿಲೋಗೆ 5 ಮಿಲಿಯಂತೆ ನಿಧಾನವಾಗಿ ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಮಗು ಅಳತೊಡಗಿತು. ತಡವಾಗಿಯಾದರೂ ಬಂದ ಆಂಬ್ಯುಲೆನ್ಸ್‌ನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದೆವು.

ಹೊರದೇಶಕ್ಕೆ ಹೋಗುವ ನಮ್ಮ ನರ್ಸುಗಳಿಗೆ ನಾನು ಹೇಳುವುದು, ಹೋದ ದಿನವೇ ಸ್ಟಾಕ್ ರಿಜಿಸ್ಟರ್ ನೋಡಿ, ಯಾವುದು ಖಾಲಿಯಾದಾಗ ಏನು ಮಾಡುತ್ತಾರೆಂದು ಅಲ್ಲಿನ ಸಿಸ್ಟರ್‌ಗಳನ್ನೇ ಕೇಳಿ. ನಮ್ಮನ್ನು ಕಳುಹಿಸಿದ ಸಂಸ್ಥೆಗೆ ಬರೆದ ವರದಿಯಲ್ಲಿ, ಜಿಲ್ಲೆಯಲ್ಲಿ ಸ್ಟ್ರಿಪ್ ಸಿಗುವ ಒಂದೇ ಮಾದರಿಯ ಯಂತ್ರವನ್ನು ಕೊಡಿ, ವರ್ಷವಿಡೀ ಸ್ಟ್ರಿಪ್ ಪೂರೈಸಿ ಎಂದು ಕೇಳಿದೆ. ಅವರು ಮತ್ತೊಂದು ಕಂಪನಿಯ ಹೊಸ ಯಂತ್ರಗಳನ್ನು ಕಳುಹಿಸಿದರು. ಏನು ಬೇಕೆಂಬ ಪಟ್ಟಿಯನ್ನು ಅಲ್ಲಿ ಕೆಲಸ ಮಾಡುವವರು ಬರೆಯುವವರೆಗೆ ಇಂತಹ ದಾನ ನಿಲ್ಲಬೇಕೆಂದು ನಾನು ಈಗಲೂ ಅವರಿಗೆ ಬರೆಯುತ್ತಲೇ ಇದ್ದೇನೆ.